ರಾಯರು ಮಗನಿಗೆ ಆರಿಸಿದ ಬಂದೂಕು

ರಾಯರು ಹೋದ ಸುದ್ದಿ ನನಗೆ ಸಿಕ್ಕಿದ್ದು ಲಂಡನ್ನಿನ ವೆಂಬ್ಲಿಯ ಈಲಿಂಗ್ ರೋಡಿನ ತರಕಾರಿ ಅಂಗಡಿಯಲ್ಲಿ, ಮೆಂತ್ಯ ಸೊಪ್ಪಿನ ಕಟ್ಟು ಆರಿಸುತ್ತಿದ್ದಾಗ. ಹೇಳಿದ ಹೆಂಗಸಿಗೆ ನಾನು ಅವರ ಜೊತೆ ಹನ್ನೊಂದು ವರ್ಷ ಕೆಲಸ ಮಾಡಿದವಳು ಎಂದು ಗೊತ್ತಿರಲಿಲ್ಲ. "ತುಂಬಾ ಸಾತ್ವಿಕ ಮನುಷ್ಯ ಕಣ್ರೀ, ಒಂದು ಇರುವೆಗೂ ನೋವು ಮಾಡಿದವರಲ್ಲ," ಎಂದಳು. ನಾನು ಹೌದು ಎಂದೆ. ಹೌದು ಎಂದ ಮೇಲೆ ಅದು ನಿಜವೋ ಅಲ್ಲವೋ ಎಂಬ ಯೋಚನೆ ಶುರುವಾಯಿತು. ಮನೆಗೆ ಬಂದು ಚೀಲ ಬಿಚ್ಚಿದರೆ ಮೆಂತ್ಯದ ಬದಲು ಸಬ್ಬಸಿಗೆ ತಂದಿದ್ದೆ.

ಅವರ ಹೆಸರು ಬರೆಯುವುದಿಲ್ಲ. ಧಾರವಾಡದ ಕಡೆಯ ಬ್ರಾಹ್ಮಣರು. ಕನ್ನಡದವರೆಲ್ಲ ರಾಯರು ಅನ್ನುತ್ತಿದ್ದರು, ಕೇಳಿ ಕೇಳಿ ನಮ್ಮ ಅಂಗಡಿಯ ಇಂಗ್ಲಿಷರೂ ‘ಮಿಸ್ಟರ್ ರಾಯರು’ ಎನ್ನುವುದಕ್ಕೆ ಕಲಿತಿದ್ದರು. ಕನ್ನಡದವರ ಗಣಪತಿ ಹಬ್ಬದಲ್ಲಿ ಯಾರಾದರೂ ಏನು ಕೆಲಸ ಎಂದು ಕೇಳಿದರೆ "ಸ್ಪೋರ್ಟ್ಸ್ ಸಾಮಾನಿನ ವ್ಯಾಪಾರ" ಎಂದು ಹೇಳಿ ಪ್ರಸಾದದ ಸಾಲಿಗೆ ನುಗ್ಗಿಬಿಡುತ್ತಿದ್ದರು. ಸಾಮಾನು ಯಾವುದು ಎಂದು ನನಗೆ ಗೊತ್ತಿತ್ತು. ಪಾರ್ಕ್ ರಾಯಲ್‌ನ ಗೋದಾಮುಗಳ ನಡುವೆ, ದಿನವಿಡೀ ಬಿಸ್ಕತ್ತು ಬೇಯುವ ವಾಸನೆ ಬರುವ ಒಂದು ರಸ್ತೆಯಲ್ಲಿ, ನಮ್ಮದು ಬಂದೂಕಿನ ಅಂಗಡಿ. ಆಫ್ರಿಕಕ್ಕೆ ಬೇಟೆಗೆ ಹೊರಟವರು ಯಾವ ಬಂದೂಕು ಒಯ್ಯಬೇಕು ಎಂದು ಹೇಳುವುದು ರಾಯರ ಕೆಲಸ. ಪೊಲೀಸರ ಸರ್ಟಿಫಿಕೇಟು, ಪರದೇಶಕ್ಕೆ ಒಯ್ಯುವ ಪರವಾನಗಿ, ಇಂಥ ಕಾಗದಪತ್ರ ನೋಡುವುದು ನನ್ನ ಕೆಲಸ. ನಾನು ಕುಂದಾಪುರದವಳು, ಮೀನು ತಿನ್ನುವವಳು, ಬಂದೂಕು ಕಂಡರೆ ಆಗದವಳು. ತೊಂಬತ್ತಮೂರರಲ್ಲಿ ಹೇಸ್‌ನ ಬಾಡಿಗೆ ಮನೆಯಲ್ಲಿ ಕೂತು ಕೂತು ಬೇಜಾರಾಗಿ, ಸಿಕ್ಕಿದ ಕೆಲಸಕ್ಕೆ ಸೇರಿದ್ದೆ.

ಮೊದಲ ದಿನ ಮಧ್ಯಾಹ್ನ ರಾಯರು ಡಬ್ಬಿ ಬಿಚ್ಚಿ ಚಪಾತಿ, ಶೇಂಗಾ ಚಟ್ನಿಪುಡಿ, ಮೊಸರು ಹೊರಗಿಟ್ಟರು. ಪಕ್ಕದಲ್ಲೇ ಹಿತ್ತಾಳೆಯ ನಾಲ್ಕು ತೋಟಾಗಳನ್ನು ಎತ್ತರಕ್ಕೆ ತಕ್ಕಂತೆ ನಿಲ್ಲಿಸಿದರು.

"ಈ ನಾಲ್ಕು ಗೊತ್ತಾದ್ರ ನಿನಗ ಅಂಗಡಿ ಗೊತ್ತಾದಂಗ, ತಂಗಿ. ಅಂಕಿ ಅಂದ್ರ ಗುಂಡಿನ ದಪ್ಪ. ಇದು ಮುನ್ನೂರು. ಭಾಳ ಜೋರು ಹೋಗ್ತದ, ಭಾಳ ದೂರ ಹೋಗ್ತದ. ಆಚಿ ಗುಡ್ಡದಾಗ ನಿಂತ ಜಿಂಕಿಗೆ. ಇದು ಮುನ್ನೂರಾ ಮೂವತ್ತೆಂಟು, ಅದರ ಅಣ್ಣ. ಇದು ಮುನ್ನೂರಾ ಎಪ್ಪತ್ತೈದು. ನಮ್ಮ ಉಪ್ಪಿಟ್ಟು ಇದ್ದಂಗ, ಯಾರು ಬಂದ್ರೂ ನಡೀತದ. ಜಿಂಕಿಗೂ ಆತು, ಕಾಡೆಮ್ಮಿಗೂ ಆತು." ಕೊನೆಯ ದಪ್ಪನೆಯದನ್ನು ಬೆರಳಿನಿಂದ ಸ್ವಲ್ಪ ದೂರ ಸರಿಸಿದರು. "ಇದು ನಾನೂರಾ ಐವತ್ತೆಂಟು. ಆನಿದು. ಇದರ ಸುದ್ದಿಗೆ ಹೋಗಬ್ಯಾಡ."

ಎಲ್ಲದರ ಹೆಸರಿನ ಕೊನೆಗೂ ಮ್ಯಾಗ್ನಮ್ ಎಂದು ಇತ್ತು. ಹಾಗಂದರೆ ಎಂತ ಎಂದು ಕೇಳಿದೆ.

"ಮದ್ದು ಹೆಚ್ಚಿಗಿ ತುಂಬ್ಯಾರ ಅಂತ. ಅಷ್ಟ. ಆದ್ರ ಹೊಡ್ತ ಮುಂದ ಎಷ್ಟು ಹೋಗ್ತದ, ಹಿಂದ ಹೆಗಲಿಗೂ ಅಷ್ಟ ಬರ್ತದ. ಅದನ್ನ ಯಾರೂ ಕೇಳೂದಿಲ್ಲ."

ಹೇಳಿ ಮುಗಿಸಿ ಕೈತೊಳೆದು ಬಂದು, ಕಣ್ಣು ಮುಚ್ಚಿ ಏನೋ ಒಂದು ಶ್ಲೋಕ ಹೇಳಿಕೊಂಡು ಊಟಕ್ಕೆ ಕೂತರು. ಏಕಾದಶಿಯ ದಿನ ಅದೂ ಇಲ್ಲ, ಬರೀ ನೀರು. ಬಂದೂಕಿನ ತೊಗಲಿನ ಪಟ್ಟಿಯನ್ನು ಬರಿಗೈಯಲ್ಲಿ ಮುಟ್ಟುತ್ತಿರಲಿಲ್ಲ, ಅದಕ್ಕೊಂದು ಬಟ್ಟೆ ಇಟ್ಟಿದ್ದರು. ಇಂಥವರು ಈ ಕೆಲಸಕ್ಕೆ ಬಂದದ್ದು ಹೇಗೆ ಎಂದು ಕೇಳಿದರೆ ಪ್ರತಿ ಸಲ ಬೇರೆ ಉತ್ತರ. ನನಗೆ ಹೇಳಿದ್ದು, ಅವರ ತಂದೆ ಯಾವುದೋ ಸಣ್ಣ ಸಂಸ್ಥಾನದ ಆಯುಧಶಾಲೆಯಲ್ಲಿ ಗುಮಾಸ್ತರಾಗಿದ್ದರು, ಅಲ್ಲಿ ಬಂದೂಕುಗಳಿಗೆ ಎಣ್ಣೆ ಹಚ್ಚುತ್ತಾ ಬೆಳೆದೆ ಎಂದು. ಮ್ಯಾನೇಜರನಿಗೆ ಹೇಳಿದ್ದು, ಪ್ರಾಯದಲ್ಲಿ ತಾನೇ ಬೇಟೆಯಾಡಿದ್ದೆ ಎಂದು. ಒಮ್ಮೆ ತೀರಾ ಒತ್ತಾಯಿಸಿದಾಗ, ಗೋದಾಮಿನ ಸ್ಟಾಕು ನೋಡಲು ಸೇರಿದವನು ಮಳೆಗಾಲದಲ್ಲಿ ಓದಲು ಬೇರೇನೂ ಸಿಗದೆ ಕ್ಯಾಟಲಾಗುಗಳನ್ನೆಲ್ಲ ಓದಿ ಮುಗಿಸಿದೆ ಎಂದರು. ಲಂಡನ್ನಿನಲ್ಲಿ ಮಳೆಗಾಲ ಯಾವುದು ಎಂದು ನಾನು ಕೇಳಿದ್ದಕ್ಕೆ ಎರಡು ದಿನ ಮಾತು ಬಿಟ್ಟರು.

ಗಿರಾಕಿ ಬಂದರೆ ಯಾವ ಪ್ರಾಣಿಗೆ ಎಂದು ರಾಯರು ಮೊದಲು ಕೇಳುತ್ತಿರಲಿಲ್ಲ. ಖಾಲಿ ಬಂದೂಕು ಕೊಟ್ಟು, ಕಣ್ಣು ಮುಚ್ಚಿ ಹೆಗಲಿಗೆ ತನ್ನಿ ಅನ್ನುವರು. ತಂದ ಮೇಲೆ ಅವನ ಹೆಗಲಿನ ಮೇಲೆ ಎರಡು ಬೆರಳಿಟ್ಟು, ವೈದ್ಯರು ನಾಡಿ ನೋಡುವ ಹಾಗೆ ಸ್ವಲ್ಪ ಹೊತ್ತು ನಿಲ್ಲುವರು. ಆಮೇಲೆ ನನ್ನ ಮೇಜಿಗೆ ಕಳಿಸಿ, ಸಹಿ ಮಾಡುವಾಗ ಪೆನ್ನನ್ನು ಎಷ್ಟು ಒತ್ತುತ್ತಾನೆ ಎಂದು ದೂರದಿಂದ ನೋಡುವರು. "ಪ್ರಾಣಿ ಎಲ್ಲಾ ಒಂದ ಥರಾ ತಂಗಿ. ಆನಿ ಆನೀನ, ಎಮ್ಮಿ ಎಮ್ಮೀನ. ಮನಷ್ಯಾ ಮಾತ್ರ ಒಬ್ಬೊಬ್ಬಾಂವ ಒಂದೊಂದು ನಮೂನಿ," ಎನ್ನುತ್ತಿದ್ದರು.

ಒಮ್ಮೆ ಒಬ್ಬ ಜಮೀನುದಾರ ಬಂದಿದ್ದ. ದೊಡ್ಡ ಆಳು, ದೊಡ್ಡ ದನಿ. ತನಗೆ ನಾನೂರ ಐವತ್ತೆಂಟೇ ಬೇಕು ಎಂದು ಹಟ. ರಾಯರು ಆಗಲಿ ಎಂದರು. ಊರಾಚೆಯ ಗುಂಡು ಹಾರಿಸುವ ಮೈದಾನಕ್ಕೆ ಕರೆದುಕೊಂಡು ಹೋದರು, ಕಾಗದದ ಕೆಲಸಕ್ಕೆಂದು ನಾನೂ ಹೋಗಿದ್ದೆ. ಅವನು ಮೂರು ಗುಂಡು ಹಾರಿಸಿದ. ನಾಲ್ಕನೆಯದಕ್ಕೆ ರಾಯರು ಮದ್ದಿಲ್ಲದ ಸುಳ್ಳು ತೋಟಾ ಹಾಕಿಕೊಟ್ಟರು, ಅವನಿಗೆ ಹೇಳಲಿಲ್ಲ. ಅವನು ಟ್ರಿಗರ್ ಎಳೆದ. ಸದ್ದಿಲ್ಲ, ಹೊಡೆತವಿಲ್ಲ, ಆದರೂ ಬಂದೂಕಿನ ಮೂತಿ ಗಬಕ್ಕನೆ ನೆಲದ ಕಡೆ ಬಿತ್ತು. ಬರಲಿದ್ದ ಹೊಡೆತಕ್ಕೆ ಮೈ ಮೊದಲೇ ಹೆದರಿ ಕಣ್ಣು ಮುಚ್ಚಿತ್ತು. ಎಲ್ಲರೂ ನೋಡಿದೆವು, ಅವನೂ ನೋಡಿಕೊಂಡ. ರಾಯರು ಮುನ್ನೂರ ಎಪ್ಪತ್ತೈದನ್ನು ಅವನ ಕೈಗೆ ಕೊಟ್ಟರು. ಅಲ್ಲಿಂದ ವಾಪಸ್ಸು ಬರುವವರೆಗೂ ಕಾರಿನಲ್ಲಿ ಆ ಮನುಷ್ಯ ತುಂಬ ಮೆಲ್ಲಗೆ ಮಾತಾಡಿದ.

ಗೋದಾಮಿಗೆ ಒಂದು ಇಲಿ ಸೇರಿಕೊಂಡಾಗಿನ ಕಥೆ ಬೇರೆ. ರಾಯರು ಅದನ್ನು ಬೋನಿನಲ್ಲಿ ಹಿಡಿದು, ಚಪಾತಿಯ ಚೂರು ಹಾಕಿ, ಮಧ್ಯಾಹ್ನದ ಬಿಡುವಿನಲ್ಲಿ ಕಾಲುವೆಯ ದಂಡೆಗೆ ಒಯ್ದು ಬಿಟ್ಟು ಬಂದರು. ಮರುದಿನ ಅದೇ ಇಲಿ, ಅಥವಾ ಅದರ ತಮ್ಮ, ಮತ್ತೆ ಹಾಜರು. ಮತ್ತೆ ಬೋನು, ಮತ್ತೆ ಕಾಲುವೆ.

"ಅಲ್ಲ ರಾಯರೇ, ಆನೆಗೆ ಯಾವ ಗುಂಡು ಅಂತ ಹೇಳುವವರು ನೀವು, ಇಲಿಗೆ ಎಂತಕ್ಕೆ ಈ ಉಪಚಾರ?" ಎಂದೆ. ತಮಾಷೆಗೇ ಕೇಳಿದ್ದು. ಅವರು ಬೋನನ್ನು ಕೆಳಗಿಟ್ಟು ನಿಂತರು.

"ನಾ ಹೊಡೀ ಅಂತ ಯಾರಿಗೂ ಹೇಳೂದಿಲ್ಲ. ಹೊಡೀಲಿಕ್ಕೆ ಹೊಂಟಾಂವ ಹೊಂಟ ಬಿಟ್ಟಿರ್ತಾನ, ನಾ ಬ್ಯಾಡಂದ್ರ ಮತ್ತೊಂದು ಅಂಗಡಿಗೆ ಹೋಗ್ತಾನ. ತಪ್ಪು ಬಂದೂಕು ಒಯ್ದ್ರ ಏನಾಗ್ತದ ಗೊತ್ತದ ಏನು? ಗುಂಡು ಹೊಟ್ಟಿಗೆ ಬೀಳ್ತದ. ಹರಕ ಹೊಟ್ಟಿ ತಗೊಂಡು ಆ ಪ್ರಾಣಿ ಮೂರು ದಿನ ಓಡ್ತದ. ಸರಿ ಬಂದೂಕು ಇದ್ರ ನಿಂತಲ್ಲೇ ಬೀಳ್ತದ. ಈ ಕೌಂಟರಿನ ಹಿಂದ ನಾ ಗಿರಾಕಿ ಕಡಿಂದ ನಿಂತಿಲ್ಲ ತಂಗಿ, ಪ್ರಾಣಿ ಕಡಿಂದ ನಿಂತೀನಿ."

ಇದು ಸಮಾಧಾನವೋ ಸಬೂಬೋ ನನಗೆ ಅವತ್ತೂ ಗೊತ್ತಾಗಲಿಲ್ಲ, ಇವತ್ತೂ ಇಲ್ಲ. ಆದರೆ ಹೇಳುವಾಗ ಅವರ ಮುಖದಲ್ಲಿ ನಾಟಕ ಇರಲಿಲ್ಲ. ನಾನು ಆಮೇಲೆ ಇಲಿಯ ವಿಷಯಕ್ಕೆ ಹೋಗಲಿಲ್ಲ.

ಅವರಿಗೆ ಒಬ್ಬನೇ ಮಗ. ಇಲ್ಲೇ ಹುಟ್ಟಿದವನು, ಸಿಟಿಯ ಒಂದು ಬ್ಯಾಂಕಿನಲ್ಲಿ ಕೆಲಸ, ಬೇರೆ ಫ್ಲ್ಯಾಟಿನಲ್ಲಿದ್ದ. ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಇಂಗ್ಲಿಷಿನಲ್ಲಿ. ಅಪ್ಪನ ಅಂಗಡಿಗೆ ಅಷ್ಟು ವರ್ಷದಲ್ಲಿ ಒಮ್ಮೆಯೂ ಕಾಲಿಟ್ಟಿರಲಿಲ್ಲ. ಎರಡು ಸಾವಿರದ ಎರಡರ ಜನವರಿಯ ಚಳಿಯಲ್ಲಿ ಒಂದು ಶನಿವಾರ ಬಂದ. ಆಫೀಸಿನ ಬಾಸ್ ಜೂನಿನಲ್ಲಿ ಆಫ್ರಿಕಕ್ಕೆ ಬೇಟೆಗೆ ಹೊರಟಿದ್ದಾನೆ, ನನ್ನನ್ನೂ ಕರೆದಿದ್ದಾನೆ, ಕಾಡೆಮ್ಮೆ ಹೊಡೆಯುವುದು ಎಂದ. ಅಲ್ಲಿಯ ಶಿಬಿರದಲ್ಲಿ ಬಂದೂಕು ಬಾಡಿಗೆಗೆ ಸಿಗುತ್ತದೆ, ಆದರೆ ಅವನಿಗೆ ಅಪ್ಪ ಆರಿಸಿದ್ದೇ ಬೇಕು.

"ಅಪ್ಪ, ಆಫೀಸಲ್ಲಿ ಎಲ್ಲರಿಗೂ ಹೇಳಿದೀನಿ. ಮೈ ಡ್ಯಾಡ್ ಈಸ್ ದ ಮ್ಯಾನ್ ಟು ಆಸ್ಕ್," ಎಂದ. ಹೇಳುವಾಗ ಅವನಿಗೆ ನಾಚಿಕೆಯೂ ಇತ್ತು, ಹೆಮ್ಮೆಯೂ ಇತ್ತು.

ರಾಯರು ಕನ್ನಡಕ ತೆಗೆದು ಟೈ ತುದಿಯಿಂದ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ನಮ್ಮ ಮನೆತನದಾಗ ಇಂಥಾದ್ದು ಬ್ಯಾಡ ಎಂದು ಹೇಳುತ್ತಾರೆ ಎಂದು ನಾನು ಕಾದೆ. ಹೇಳಲಿಲ್ಲ. ಮೂವತ್ತು ವರ್ಷದಲ್ಲಿ ಮೊದಲ ಸಲ ಮಗ ಏನೋ ಕೇಳಿಕೊಂಡು ಅವರ ಕೌಂಟರಿಗೆ ಬಂದಿದ್ದ. ಕಣ್ಣು ಮುಚ್ಚಿಸಲಿಲ್ಲ, ಬಂದೂಕು ಎತ್ತಿಸಲಿಲ್ಲ, ಬೆರಳಿಟ್ಟು ನೋಡಲಿಲ್ಲ. ಪ್ರತಿಯೊಬ್ಬ ಅಪರಿಚಿತನಿಗೆ ಮಾಡುತ್ತಿದ್ದ ಒಂದೂ ಕ್ರಮ ಮಗನಿಗೆ ಮಾಡಲಿಲ್ಲ. ಸೀದಾ ನನ್ನ ಕಡೆ ತಿರುಗಿ, "ಪೊಲೀಸರ ಅರ್ಜಿಯೊಳಗ ನಾನೂರಾ ಐವತ್ತೆಂಟು ಅಂತ ಬರಿ, ತಂಗಿ," ಎಂದರು.

ನನ್ನ ಪೆನ್ನು ಅಲ್ಲೇ ನಿಂತಿತು. ಕಾಡೆಮ್ಮೆಗೆ ಮುನ್ನೂರ ಎಪ್ಪತ್ತೈದು ಸಾಕು, ಅಲ್ಲಿಯ ಕಾನೂನೂ ಅದಕ್ಕಿಂತ ಸಣ್ಣದು ಬೇಡ ಎನ್ನುತ್ತದೆಯೇ ಹೊರತು ದೊಡ್ಡದು ಬೇಕು ಎನ್ನುವುದಿಲ್ಲ. ಇದನ್ನು ನನಗೆ ಕಲಿಸಿದವರು ಅವರೇ. ಮಗನೂ ಓದಿಕೊಂಡು ಬಂದಿದ್ದ. "ಥ್ರೀ ಸೆವೆನ್ ಫೈವ್ ಅಲ್ವಾ ಯೂಶುವಲ್?" ಎಂದ.

"ನಿನಗ ಇದು," ಎಂದರು ರಾಯರು, ಒಳಗೆ ಹೋದರು.

ಅರ್ಜಿಯ ಜೊತೆ ಮಗ ತನ್ನ ಕಾಗದಗಳನ್ನು ಕೊಟ್ಟ. ಅದರಲ್ಲಿ ಒಂದು ರೈಫಲ್ ಕ್ಲಬ್ಬಿನ ಕಾರ್ಯದರ್ಶಿಯ ಪತ್ರ ಇತ್ತು. ಇವನು ಎರಡು ವರ್ಷದಿಂದ ಸದಸ್ಯ, ದೊಡ್ಡ ಬಂದೂಕುಗಳನ್ನೂ ಹಾರಿಸಿ ಅಭ್ಯಾಸವಿದೆ, ಕೈ ಬಹಳ ಸ್ಥಿರ ಎಂದು ಬರೆದಿದ್ದರು. ನಾನು ಓದಿ ತಲೆ ಎತ್ತಿದೆ.

"ಆಂಟಿ, ಅಪ್ಪನಿಗೆ ಹೇಳ್ಬೇಡಿ. ಐ ವಾಂಟ್ ಟು ಸರ್‌ಪ್ರೈಸ್ ಹಿಮ್," ಎಂದ.

ಕಾಗದ ನೋಡುವುದು ನನ್ನ ಕೆಲಸ, ರಾಯರು ಅದಕ್ಕೆ ಕೈ ಹಾಕುವವರಲ್ಲ. ನಾನು ಹೇಳಲಿಲ್ಲ.

ಯಾಕೆ ದೊಡ್ಡದು ಆರಿಸಿದಿರಿ ಎಂದು ಸೋಮವಾರ ಊಟದ ಹೊತ್ತಿಗೆ ಕೇಳಿದೆ. ಕಾಡೆಮ್ಮೆ ಮೈಮೇಲೆ ಏರಿ ಬಂದರೆ ನಿಲ್ಲಿಸುವುದು ಅದೇ, ಒಬ್ಬನೇ ಮಗ ಎಂದರು. ಸರಿ ಅನ್ನಿಸಿತು. ಬುಧವಾರ ನಾನು ಕೇಳದೆಯೇ ಮತ್ತೆ ಆ ಮಾತು ಎತ್ತಿದರು.

"ಅಂವಾ ಬಂದೂಕು ಹಿಡದಾಂವಲ್ಲ ತಂಗಿ. ಅದರ ಹೊಡ್ತಕ್ಕ ಹೆದರ್ತಾನ, ಹೆದರಿ ಕಣ್ಣು ಮುಚ್ಚತಾನ, ಗುಂಡು ಮಣ್ಣಿಗೆ ಹೋಗ್ತದ. ಎಮ್ಮೀನೂ ಉಳೀತದ, ನನ್ನ ಮಗನ ಕೈಗೆ ಪಾಪಾನೂ ಹತ್ತೂದಿಲ್ಲ. ಬಾಜೂಕ ಕಾಯಲಿಕ್ಕೆ ತಿಳದಾಂವ ಒಬ್ಬ ಬೇಟೆಗಾರ ಇರ್ತಾನ, ಮಗನ ಜೀವಕ್ಕೇನೂ ಆಗೂದಿಲ್ಲ."

"ಮಣ್ಣಿಗೆ ಹೋಗದೆ ಅದರ ಹೊಟ್ಟೆಗೆ ತಾಗಿದರೆ?"

ರಾಯರು ಡಬ್ಬಿಯ ಮುಚ್ಚಳ ಹಾಕಿದರು. ಒಳಗೆ ಒಂದೂವರೆ ಚಪಾತಿ ಉಳಿದಿತ್ತು. "ನನಗ ಏನೂ ತಿಳೀವಲ್ತು," ಎಂದರು.

ಆಗ ಹೇಳಬೇಕಿತ್ತು ನಾನು. ನಿಮ್ಮ ಮಗ ಹೆದರುವುದಿಲ್ಲ ರಾಯರೇ, ಅವನ ಕೈ ನಡುಗುವುದಿಲ್ಲ, ನೀವು ಹಾಕಿದ ಲೆಕ್ಕ ತಲೆಕೆಳಗಾಗಿದೆ ಎಂದು ಹೇಳಲು ನನಗೆ ಐದು ತಿಂಗಳು ಟೈಮ್ ಇತ್ತು. ದಿನಾ ಬಸ್ಸಿನಲ್ಲಿ ಇವತ್ತು ಹೇಳಿಬಿಡಬೇಕು ಎಂದುಕೊಂಡು ಬರುತ್ತಿದ್ದೆ. ಹೇಳಿದರೆ ಇವರು ಏನು ಮಾಡುತ್ತಾರೆ ಎಂಬುದು ಹೊಳೆಯುತ್ತಿರಲಿಲ್ಲ. ಇನ್ನೂ ದೊಡ್ಡದು ಹುಡುಕುತ್ತಾರೆಯೇ? ಬಂದೂಕನ್ನೇ ಕೆಡಿಸಿ ಕೊಡುತ್ತಾರೆಯೇ? ಪ್ರಾಣಿಯ ಕಡೆಯಿಂದ ನಿಂತಿದ್ದೇನೆ ಎಂದವರು ಇವರು. ಸ್ಥಿರವಾದ ಕೈಯವನು ಹೊಡೆದರೆ ಅದು ನಿಂತಲ್ಲೇ ಬೀಳುತ್ತದೆ, ಅವರದೇ ಪಾಠದ ಪ್ರಕಾರ ನಾನು ಸುಮ್ಮನಿರುವುದೇ ಸರಿ. ಹಾಗೆ ಯೋಚಿಸಿ ಸುಮ್ಮನಿದ್ದೆನೋ, ಇನ್ನೊಬ್ಬರ ಮನೆಯ ವಿಷಯ ನನಗೆ ಎಂತಕ್ಕೆ ಎಂದು ಸುಮ್ಮನಿದ್ದೆನೋ, ಈಗ ಕೇಳಿದರೆ ನಿಜ ಹೇಳಲಾರೆ. ಸರ್ಟಿಫಿಕೇಟು ಬಂತು. ಬಂದೂಕನ್ನು ಮಗನಿಗೆ ಕೊಡುವ ದಿನ ರಾಯರು ಹಲ್ಲು ನೋವೆಂದು ರಜೆ ಹಾಕಿದರು, ನಾನೇ ಸಹಿ ಹಾಕಿಸಿ ಕೊಟ್ಟೆ.

ಮಗ ಹೊರಟ ಮೇಲೆ ಹತ್ತು ದಿನ ರಾಯರನ್ನು ನೋಡಲಾಗುತ್ತಿರಲಿಲ್ಲ. ಗಿರಾಕಿಗೆ ಮುನ್ನೂರು ಎಂದು ಹೇಳಿ ಮುನ್ನೂರ ಮೂವತ್ತೆಂಟನ್ನು ತಂದುಕೊಟ್ಟರು. ಗಡಿಯಾರದ ಕೆಳಗೆ ನಿಂತು ಟೈಮ್ ಎಷ್ಟು ಎಂದು ನನ್ನನ್ನು ಕೇಳಿದರು.

"ದೇವರ ಮುಂದ ಕೂತ್ರ ಏನು ಬೇಡಬೇಕು ತಿಳೀವಲ್ತು," ಎಂದರು ಒಂದು ದಿನ. "ಗುರಿ ತಪ್ಪಲಿ ಅನ್ಲಿಕ್ಕೆ ಹೋದ್ರ ಆ ಹೊಟ್ಟಿ ಕಣ್ಣಿಗೆ ಬರ್ತದ. ಗುರಿ ಹತ್ತಲಿ ಅಂತ ನನ್ನ ಬಾಯಿಂದ ಹೆಂಗ ಅನ್ಲಿ? ಸುಮ್ಮ ದೀಪಾ ಹಚ್ಚಿ ಎದ್ದು ಬರ್ತೀನಿ."

ಹನ್ನೊಂದನೆಯ ದಿನ ಬೆಳಿಗ್ಗೆ ಅಂಗಡಿಗೆ ಫೋನ್ ಬಂತು. ಮಗನ ದನಿ ದೂರದಿಂದ ತುಂಡು ತುಂಡಾಗಿ ಕೇಳುತ್ತಿತ್ತು. ರಿಸೀವರು ರಾಯರ ಕೈಗೆ ಕೊಟ್ಟೆ. ಅವರು ಒಂದೊಂದೇ ಪ್ರಶ್ನೆ ಕೇಳಿದರು. ಎಷ್ಟು ದೂರದಿಂದ? ಎಷ್ಟು ಗುಂಡು?

"ಒಂದ?" ಎಂದರು. ಮತ್ತೆ, "ನಿಂತಲ್ಲೇ ಬಿತ್ತೇನು?" ಎಂದರು. ಆಮೇಲೆ ರಿಸೀವರನ್ನು ನನ್ನ ಕೈಗೆ ಕೊಟ್ಟರು. ಆ ಕಡೆ ಮಗ ಇನ್ನೂ ಮಾತಾಡುತ್ತಿದ್ದ.

"ಆಂಟಿ, ಥ್ಯಾಂಕ್ಸ್ ಹೇಳಿ ಅಪ್ಪನಿಗೆ. ಪರ್ಫೆಕ್ಟ್ ಚಾಯ್ಸ್. ಹಿ ನೋಸ್ ಮಿ ಬೆಟರ್ ದ್ಯಾನ್ ಐ ಥಾಟ್."

ಫೋನ್ ಇಟ್ಟೆ. ಥ್ಯಾಂಕ್ಸ್ ತಲುಪಿಸಲು ನನ್ನಿಂದ ಆಗಲಿಲ್ಲ.

"ಅವಗ ಗುರಿ ಹೆಂಗ ಬಂತು?" ಎಂದು ರಾಯರು ಕೇಳಿದರು. ನನ್ನನ್ನು ಕೇಳಿದ್ದೋ ತಮ್ಮನ್ನೇ ಕೇಳಿಕೊಂಡದ್ದೋ ತಿಳಿಯಲಿಲ್ಲ. ಇನ್ನು ಮುಚ್ಚಿಡುವುದಕ್ಕೆ ಅರ್ಥವಿರಲಿಲ್ಲ.

"ಎರಡು ವರ್ಷದಿಂದ ಕ್ಲಬ್ಬಿನಲ್ಲಿ ಕಲೀತಿದ್ದ ರಾಯರೇ. ಕಾಗದದಲ್ಲಿತ್ತು. ನನಗೆ ಗೊತ್ತಿತ್ತು. ನಿಮಗೆ ಹೇಳಬೇಡಿ ಅಂದಿದ್ದ."

ಬೈಯುತ್ತಾರೆ ಎಂದು ಕಾದೆ, ಬೈದಿದ್ದರೆ ನನಗೂ ಹಗುರವಾಗುತ್ತಿತ್ತು. ಅವರು ತಮ್ಮ ಬಲಗೈಯ ಎರಡು ಬೆರಳು ನೋಡಿಕೊಂಡರು. "ನಾ ಅವನ ಹೆಗಲಾ ಮುಟ್ಟಿ ನೋಡಲಿಲ್ಲ ನೋಡು," ಎಂದರು. ಕೋಟು ಹಾಕಿಕೊಂಡು, ಹತ್ತೂವರೆಗೆ ಮನೆಗೆ ಹೋದರು.

ಮಧ್ಯಾಹ್ನ ಅವರ ಹೆಂಡತಿ ಫೋನ್ ಮಾಡಿದರು. ತಣ್ಣೀರಿನಲ್ಲಿ ಉಟ್ಟ ಬಟ್ಟೆಯಲ್ಲೇ ಸ್ನಾನ ಮಾಡಿದ್ದಾರೆ, ದೇವರ ಮನೆಗೆ ಕಾಲಿಡುತ್ತಿಲ್ಲ, ಬೇರೆ ಚಾಪೆ ಹಾಕಿಕೊಂಡು ಕೂತಿದ್ದಾರೆ ಎಂದರು. "ಮೂರು ದಿನ ಸೂತಕ ಅಂತಾರ್ರಿ. ಯಾರು ಹೋದ್ರು ಅಂತ ಕೇಳಿದ್ರ ಹೇಳವಲ್ರು. ಊರಿಗೆಲ್ಲಾ ಫೋನ್ ಮಾಡಿ ಕೇಳ್ದೆ, ಎಲ್ಲಾರೂ ಆರಾಮ ಇದ್ದಾರ. ನಿಮಗೇನರ ಗೊತ್ತದ ಏನು?"

ಗೊತ್ತಿಲ್ಲ ಎಂದೆ. ಪೂರ್ತಿ ಸುಳ್ಳೂ ಅಲ್ಲ. ಆ ಸೂತಕ ಕಾಡೆಮ್ಮೆಗೋ, ಅಥವಾ ಇಷ್ಟು ವರ್ಷ ಅವರು ನಂಬಿಕೊಂಡು ಬಂದ ಇನ್ಯಾವುದಕ್ಕೋ, ನನಗೆ ಹೇಗೆ ಗೊತ್ತಾಗಬೇಕು? ಶಾಸ್ತ್ರದಲ್ಲಿ ಇದಕ್ಕೆ ಮೂರು ದಿನ ಎಂದು ಯಾರು ಬರೆದಿದ್ದಾರೆ?

ಅಷ್ಟರಲ್ಲಿ ಮ್ಯಾನೇಜರ್ ಬಂದ. ರಾಯರ ಹೆಂಡತಿ ರಜೆ ಕೇಳುವಾಗ ಸೂತಕ ಎಂದು ಅವನಿಗೂ ಹೇಳಿದ್ದರಂತೆ. ಅವನು ಕೆಟ್ಟವನಲ್ಲ. ಯಾರಿಗೆ ಏನಾದರೂ ಆದರೆ ತಾನೇ ಹೋಗಿ ಕಾರ್ಡು ತಂದು ಎಲ್ಲರ ಸಹಿ ಹಾಕಿಸುವವನು. ಮಿಸ್ಟರ್ ರಾಯರು ಅವರ ಮನೆಯಲ್ಲಿ ಸಾವಾಗಿದೆಯಂತೆ, ಹತ್ತಿರದವರೇ ಎಂದು ಕೇಳಿದ. "ದೂರದವರು," ಎಂದೆ ನಾನು. ಕಾರ್ಡಿನಲ್ಲಿ ಬಿಳಿ ಹೂವಿನ ಚಿತ್ರ ಇತ್ತು. ನಾನೂ ಸಹಿ ಹಾಕಿದೆ. ಬೇರೇನು ಮಾಡಬಹುದಿತ್ತು ಎಂದು ಈಗಲೂ ಕೆಲವು ಸಲ ಯೋಚಿಸುತ್ತೇನೆ, ಹೊಳೆದಿಲ್ಲ.

ನಾಲ್ಕನೆಯ ದಿನ ರಾಯರು ಬಂದರು. ಅದಾದ ಮೇಲೆ ಇನ್ನೆರಡು ವರ್ಷ ಅದೇ ಕೌಂಟರಿನ ಹಿಂದೆ ನಿಂತು, ಬಂದವರಿಗೆಲ್ಲ ಸರಿಯಾದ ಬಂದೂಕು ಆರಿಸಿಕೊಟ್ಟು, ಆಮೇಲೆ ನಿವೃತ್ತರಾದರು. ನನ್ನ ಮೇಲೆ ಸಿಟ್ಟು ಮಾಡಿಕೊಂಡರೋ ಇಲ್ಲವೋ ತೋರಿಸಲಿಲ್ಲ. ಮಗನಿಗೆ ಏನೂ ಹೇಳಲಿಲ್ಲ ಎಂಬುದಂತೂ ಗೊತ್ತು. ಅವನು ಆ ಕಾಡೆಮ್ಮೆಯ ಕೊಂಬನ್ನು ತನ್ನ ಫ್ಲ್ಯಾಟಿನ ಗೋಡೆಗೆ ಹಾಕಿ, ಅಪ್ಪನನ್ನು ಊಟಕ್ಕೆ ಕರೆದು ತೋರಿಸಿದನಂತೆ. ರಾಯರು ಹೋಗಿ ನೋಡಿ ಬಂದರಂತೆ.

ಆದರೆ ಅವರನ್ನು ನೆನೆಸಿಕೊಂಡರೆ ನನ್ನ ಕಣ್ಣಿಗೆ ಬರುವುದು ಆ ನಾಲ್ಕನೆಯ ದಿನದ ಬೆಳಗು. ಅವರು ಬಾಗಿಲು ದಾಟಿ ಒಳಗೆ ಬಂದೊಡನೆ ಮ್ಯಾನೇಜರ್ ಎದ್ದು ಹೋಗಿ ಅವರ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ. ಬಹಳ ದುಃಖವಾಯಿತು ಎಂದ. ಕೊನೆಗಾಲದಲ್ಲಿ ನರಳಲಿಲ್ಲ ತಾನೆ ಎಂದು ಕೇಳಿದ.

"ನೋ ಸರ್," ಎಂದರು ರಾಯರು. "ವೆರಿ ಕ್ವಿಕ್. ಮೈ ಸನ್ ವಾಸ್ ದೇರ್."

ಕೊನೆಯ ಹೊತ್ತಿಗೆ ಮಗ ಹತ್ತಿರ ಇದ್ದದ್ದು ಒಳ್ಳೆಯದಾಯಿತು ಎಂದ ಮ್ಯಾನೇಜರ್.